ತಳವಿಲ್ಲದ ಗಡಿಗೆ

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಈಗಿನ ಕಾಲದಲ್ಲಿ ಆ ದೊಣ್ಣೆಯ ಕೆಲಸವನ್ನು ಮೊಬೈಲ್ ಕ್ಯಾಮೆರಾ ವಹಿಸಿಕೊಂಡಿದೆಯೋ ಎಂದು ನನಗೆ ಒಮ್ಮೊಮ್ಮೆ ಅನುಮಾನವಾಗುತ್ತದೆ. ಅದು ಗಡಿಗೆಯನ್ನು ಒಡೆಯುವುದಿಲ್ಲ, ನಿಜ. ಆದರೆ ಕುಂಬಾರನ ವರುಷವನ್ನು ನಿಮಿಷಕ್ಕೆ ಇಳಿಸಿಬಿಡುತ್ತದೆ. ಹೀಗೆಂದು ಅನ್ಯರನ್ನು ದೂರುವ ಅಧಿಕಾರ ನನಗಿಲ್ಲ. ಆ ದೊಣ್ಣೆಯನ್ನು ಹಿಡಿದವರಲ್ಲಿ ನಾನೂ ಒಬ್ಬ.

ಕುಂಭಕಲೆಯ ಸಮ್ಮೇಳನಗಳಿಗೆ ಹೋಗುವುದು, ಅಲ್ಲಿ ಕಲಾವಿದರು ನೀಡುವ ಪ್ರಾತ್ಯಕ್ಷಿಕೆಗಳನ್ನು ಚಿತ್ರೀಕರಿಸಿಕೊಂಡು ಬಂದು ಮನೆಮಂದಿಗೆಲ್ಲ ತೋರಿಸುವುದು ನನ್ನ ಹಳೆಯ ಚಟ. ವೇದಿಕೆಯ ಮೇಲೆ ವಿದ್ಯುತ್ತಿನ ತಿಗರಿ. ಅದರ ಪಕ್ಕದಲ್ಲಿ ಬೆಣ್ಣೆಯಂತೆ ನಾದಿಟ್ಟ ಮಣ್ಣು. ಕಲಾವಿದರು ಬಂದು ಕೂರುತ್ತಾರೆ. ಇಪ್ಪತ್ತು ನಿಮಿಷಗಳಲ್ಲಿ ಹೂಜಿಯೊಂದು ಏಳುತ್ತದೆ, ಸಭೆ ಕರತಾಡನ ಮಾಡುತ್ತದೆ, ನನ್ನ ಯಂತ್ರ ತೃಪ್ತಿಯಿಂದ ಕಣ್ಣು ಮುಚ್ಚುತ್ತದೆ.

ಇಂಥ ಕೂಟಗಳಿಂದ ಪ್ರಯೋಜನವಿಲ್ಲವೆಂದು ನಾನು ಹೇಳಲಾರೆ. 1952ರಲ್ಲಿ ಇಂಗ್ಲೆಂಡಿನ ಡಾರ್ಟಿಂಗ್ಟನ್ ಹಾಲ್‌ನಲ್ಲಿ ಕುಂಬಾರರ ಮತ್ತು ನೇಯ್ಗೆಯವರ ಅಂತರರಾಷ್ಟ್ರೀಯ ಸಮ್ಮೇಳನವೊಂದು ನಡೆಯಿತು. ಅಲ್ಲಿ ಸೇರಿದ್ದ ಬರ್ನಾರ್ಡ್ ಲೀಚ್, ಜಪಾನಿನ ಶೋಜಿ ಹಮಾದ ಮತ್ತು ಸೊಯೆತ್ಸು ಯಾನಗಿ ಅನಂತರ ಅಮೆರಿಕವನ್ನು ಸುತ್ತಿ, ಉಪನ್ಯಾಸಗಳಿಂದಲೂ ಪ್ರಾತ್ಯಕ್ಷಿಕೆಗಳಿಂದಲೂ ಅಲ್ಲಿನ ಒಂದು ತಲೆಮಾರಿನ ಕುಂಬಾರರನ್ನು ಎಚ್ಚರಿಸಿದರು. ನಮ್ಮಲ್ಲಿಯೂ 2018ರಲ್ಲಿ ಜಯಪುರದ ಜವಾಹರ ಕಲಾ ಕೇಂದ್ರದಲ್ಲಿ ಭಾರತೀಯ ಸೆರಾಮಿಕ್ಸ್ ತ್ರೈವಾರ್ಷಿಕ ಮೇಳ ಮೊದಲ ಬಾರಿಗೆ ನೆರೆಯಿತು. ಕಣ್ಣಿಂದ ಕಂಡು ಕಲಿಯುವುದಕ್ಕೆ ಸಮನಾದ ಪಾಠ ಬೇರೊಂದಿಲ್ಲ. ಆದರೆ ಕಣ್ಣು ಎಲ್ಲಿ ನೆಟ್ಟಿದೆ ಎಂಬುದೇ ಪ್ರಶ್ನೆ.

ನೈಜೀರಿಯದ ಲಾಡಿ ಕ್ವಾಲಿ ಎಂಬ ಮಹಾಕುಂಬಾರ್ತಿ ಬ್ರಿಟನ್, ಅಮೆರಿಕಗಳಿಗೆ ಹೋಗಿ ಪ್ರಾತ್ಯಕ್ಷಿಕೆ ನೀಡಿದ್ದರು. ಆ ದೇಶದ ಇಪ್ಪತ್ತು ನೈರಾ ನೋಟಿನ ಮೇಲೆ ಅವರ ಚಿತ್ರವಿದೆ. ತಮ್ಮ ಊರಿನ ರೀತಿಯಲ್ಲಿ ದೊಡ್ಡ ಕೊಡವನ್ನು ಕಟ್ಟುವಾಗ ಅವರಿಗೆ ತಿಗರಿಯೇ ಬೇಡ. ಕೊಡ ನಿಂತಲ್ಲೇ ನಿಂತಿರುತ್ತಿತ್ತು; ಅವರೇ ಅದರ ಸುತ್ತ ಪ್ರದಕ್ಷಿಣೆ ಬರುತ್ತ ಮಣ್ಣನ್ನು ಏರಿಸುತ್ತಿದ್ದರು. ಇಂಥವರ ಕೈಗಳನ್ನಷ್ಟೇ ಚಿತ್ರಿಸಿಕೊಂಡವನು ಅವರ ವಿದ್ಯೆಯ ಅರ್ಧವನ್ನು ಕಳೆದುಕೊಂಡಂತೆಯೇ ಸರಿ, ಏಕೆಂದರೆ ಉಳಿದರ್ಧ ಕಾಲಿನಲ್ಲಿತ್ತು.

ಈ ವಿವೇಕ ನನಗೆ ಪುಸ್ತಕದಿಂದ ಬಂದದ್ದಲ್ಲ. ಕಳೆದ ಬೇಸಿಗೆಯಲ್ಲಿ ಚಿತ್ರದುರ್ಗದಿಂದ ಹೊರಟು, ಹೊಳಲ್ಕೆರೆ, ಹೊಸದುರ್ಗಗಳ ಮಾರ್ಗವಾಗಿ ಹಿರಿಯೂರಿಗೆ ಹೋಗಿ, ಮರಳಿ ದುರ್ಗವನ್ನು ಸೇರುವ ಒಂದು ಸುತ್ತು ಹಾಕಲು ಹೊರಟಿದ್ದೆ. ದಾರಿಯಲ್ಲಿ ಅಡಿಕೆ ತೆಂಗುಗಳ ತೋಟಗಳು. ನಡುನಡುವೆ ಬತ್ತಿ ಬಿರುಕುಬಿಟ್ಟ ಕೆರೆಯಂಗಳಗಳು. ಕೆರೆ ಬತ್ತಿದರೆ ರೈತನಿಗೆ ಸಂಕಟ. ಕುಂಬಾರನಿಗೆ ಮಾತ್ರ ಮಣ್ಣು ತೆಗೆಯುವ ಕಾಲ ಅದೇ.

ಹೊಸದುರ್ಗದ ಕಡೆಯ ಒಂದು ಹಳ್ಳಿಯಲ್ಲಿ ವೃದ್ಧ ಕುಂಬಾರ ದಂಪತಿಗಳ ಅಂಗಳಕ್ಕೆ ಹೋದೆ. ಯಜಮಾನರು ಸಂಕೋಚದಿಂದಲೇ ಒಪ್ಪಿ, ತಿಗರಿಯನ್ನು ಕೋಲಿನಿಂದ ತಿರುಗಿಸಿದರು. ಹತ್ತು ನಿಮಿಷಗಳೊಳಗೆ ಗಡಿಗೆಯ ಕಂಠ, ಹೆಗಲು, ಹೊಟ್ಟೆ ಮೂಡಿದವು. ನಾನು ಧನ್ಯವಾದ ಹೇಳಿ, ಕ್ಯಾಮೆರಾದ ಕಾಲುಗಳನ್ನು ಮಡಿಸತೊಡಗಿದೆ. ಆಗ ಮೂಲೆಯಲ್ಲಿ ಮಣ್ಣು ಜರಡಿ ಹಿಡಿಯುತ್ತಿದ್ದ ಅಜ್ಜಿ ತಲೆಯೆತ್ತಿ ಕೇಳಿದರು:

“ಆಯ್ತಾ ಸ್ವಾಮಿ? ತಳ ಇಲ್ಲದ ಗಡಿಗೆ ಹಿಡ್ಕೊಂಡು ಹೊಂಟ್ರಲ್ಲ, ಅದ್ರಾಗೆ ನೀರು ಹೆಂಗೆ ನಿಲ್ತೈತೆ?”

ನೋಡಿದೆ. ನಿಜಕ್ಕೂ ಆ ಗಡಿಗೆಗೆ ತಳವಿರಲಿಲ್ಲ! ತಿಗರಿಯಿಂದ ಇಳಿಯುವಾಗ ಅದು ದಪ್ಪ ಗೋಡೆಯ, ಬುಡ ತೆರೆದ ಕೊಳವೆ ಮಾತ್ರ. ತುಸು ಆರಿದ ಮೇಲೆ ಒಳಗೊಂದು ಗುಂಡುಕಲ್ಲನ್ನು ಆನಿಸಿ, ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟಿ ತಟ್ಟಿ ತಳವನ್ನು ಕೂಡಿಸಬೇಕು. ಮತ್ತೆ ಆರಬೇಕು, ಮತ್ತೆ ತಟ್ಟಬೇಕು. ಹಾಗೆ ತಟ್ಟಿದಷ್ಟೂ ಗೋಡೆ ತೆಳುವಾಗುತ್ತದೆ, ಹೊಟ್ಟೆ ದುಂಡಗಾಗುತ್ತದೆ. ನಾನು ಇಷ್ಟು ವರ್ಷ ಸಂಗ್ರಹಿಸಿದ ಚಿತ್ರಗಳಲ್ಲಿ ಇಂಥ ಎಷ್ಟು ತಳವಿಲ್ಲದ ಗಡಿಗೆಗಳಿವೆಯೋ ಎಂದು ನಾಚಿಕೆಯಾಯಿತು.

ಅಂದಿನ ಹಿರಿಯೂರಿನ ಬಸ್ಸನ್ನು ಬಿಟ್ಟುಕೊಟ್ಟೆ. ಕೆರೆಯ ಮಣ್ಣನ್ನು ಕುಟ್ಟಿ ಜರಡಿ ಹಿಡಿಯುವವರು, ನೆನೆಹಾಕಿ ಮರಳು ಬೂದಿಗಳನ್ನು ಬೆರೆಸುವವರು, ಆರಿದ ಗಡಿಗೆಗೆ ಕೆಮ್ಮಣ್ಣು ಬಳಿಯುವವರು, ಎಲ್ಲರೂ ಆ ಅಜ್ಜಿಯೇ ಎಂಬುದನ್ನು ಕಂಡೆ. ತಿಗರಿಯ ಮುಂದೆ ನೆಟ್ಟ ಕ್ಯಾಮೆರಾಕ್ಕೆ ಅವರು ಒಮ್ಮೆಯೂ ಕಾಣುತ್ತಿರಲಿಲ್ಲ. ಎಷ್ಟು ಆರಿದರೆ ತಟ್ಟಬಹುದು ಎಂದು ಯಜಮಾನರನ್ನು ಕೇಳಿದೆ. “ಕೈಗೆ ಗೊತ್ತಾಗ್ತೈತೆ ಸ್ವಾಮಿ” ಎಂದರು. ಆ ಕೈಯ ಅರಿವನ್ನು ಪಡೆಯುವವರು ಮನೆಯಲ್ಲಿ ಯಾರೂ ಇಲ್ಲ. ಮಕ್ಕಳಿಬ್ಬರೂ ಬೆಂಗಳೂರು ಸೇರಿದ್ದಾರೆ. ಕೆಲವು ದಿನಗಳ ಮೇಲೆ ಆವಿಗೆ ಸುಡುವ ಹೊತ್ತಿಗೆ ಮತ್ತೆ ಹೋದೆ. ತೆಂಗಿನ ಗರಿ, ಹುಲ್ಲು, ಬೆರಣಿಗಳ ಬೆಂಕಿ ಆರಿದ ಮೇಲೆ ಅಜ್ಜಿ ಒಂದೊಂದು ಗಡಿಗೆಯನ್ನೂ ಬೆರಳಿನಿಂದ ಮಿಡಿದು ಕಿವಿಗೊಟ್ಟರು. ಬೆಂದದ್ದು ಕಂಚಿನಂತೆ ನುಡಿಯಿತು. ಸೀಳಿದ್ದು ಮಂಕಾಗಿ ಗೊಣಗಿತು.

ದುರ್ಗಕ್ಕೆ ಮರಳಿ ಚಂದ್ರವಳ್ಳಿಯ ಕಣಿವೆಯಲ್ಲಿ ಕುಳಿತಾಗ ಈ ಮಾತಿನ ತೂಕ ಇನ್ನಷ್ಟು ತಿಳಿಯಿತು. ಡಾ. ಎಂ. ಎಚ್. ಕೃಷ್ಣ ಅವರು 1929ರ ಸುಮಾರಿಗೆ ಇಲ್ಲಿ ಉತ್ಖನನ ನಡೆಸಿದರು. 1947ರಲ್ಲಿ ಮಾರ್ಟಿಮರ್ ವೀಲರ್ ಇದೇ ಚಂದ್ರವಳ್ಳಿಯನ್ನೂ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯನ್ನೂ ಅಗೆಸಿದರು. ಪುದುಚೇರಿಯ ಬಳಿಯ ಅರಿಕಮೇಡಿನಲ್ಲಿ 1945ರಲ್ಲಿ ರೋಮನ್ ಸಾಮಗ್ರಿಗಳೊಡನೆ ದೊರೆತಿದ್ದ ಚುಕ್ಕಿಗೆರೆಯ ತಟ್ಟೆಗಳಂಥವೇ ಇಲ್ಲಿಯೂ ಸಿಕ್ಕಿದ್ದರಿಂದ, ಇಲ್ಲಿನ ಮಣ್ಣಿನ ಪದರಗಳಿಗೆ ಕಾಲವನ್ನು ಗೊತ್ತುಮಾಡುವುದು ಅವರಿಗೆ ಸಾಧ್ಯವಾಯಿತು. ರಾಜರ ಶಾಸನಗಳಷ್ಟೇ ಅಲ್ಲ, ಬಡವನ ಮಡಕೆಯ ಚೂರೂ ಚರಿತ್ರೆಗೆ ಸಾಕ್ಷಿ ನುಡಿಯಬಲ್ಲದು.

ಆದರೂ ಆ ಸಾಕ್ಷಿ ಅರ್ಧ ಮೂಕ. ಬೃಹತ್ ಶಿಲಾಸಮಾಧಿಗಳ ಕಾಲದ ಮಡಕೆಗಳು ಒಳಗೂ ಕಂಠದ ಸುತ್ತಲೂ ಕಪ್ಪು, ಕೆಳಗೆ ಹೊರಮೈ ಕೆಂಪು. ಬೋರಲಾಗಿಟ್ಟು ಸುಟ್ಟಿದ್ದರಿಂದ ಗಾಳಿಯಾಡದ ಭಾಗ ಕಪ್ಪಾಗಿ, ಗಾಳಿ ತಗುಲಿದ ಭಾಗ ಕೆಂಪಾಯಿತೆಂದು ಅನೇಕ ವಿದ್ವಾಂಸರು ಊಹಿಸಿದರು. ಒಮ್ಮೆ ಸುಟ್ಟರೋ ಎರಡು ಬಾರಿ ಸುಟ್ಟರೋ ಎಂದು ಚರ್ಚಿಸಿದರು, ಪ್ರಯೋಗಗಳನ್ನೂ ಮಾಡಿದರು. ಆ ಆವಿಗೆಯ ಬಳಿ ನಿಂತಿದ್ದ ಯಾವುದೋ ಅಜ್ಜಿಗೆ ಇದು ದಿನನಿತ್ಯದ ಮಾತಾಗಿತ್ತು. ಕೇಳಿ ಬರೆದಿಡುವವರು ಇರಲಿಲ್ಲ, ಅಷ್ಟೆ.

ಇಂದು ಬರೆದಿಡುವ ಯಂತ್ರ ನಮ್ಮ ಜೇಬಿನಲ್ಲಿಯೇ ಇದೆ. ಆದುದರಿಂದ ಓದುಗ ಮಹಾಶಯರಲ್ಲಿ ನನ್ನ ವಿನಂತಿ ಇಷ್ಟೇ. ಮುಂದಿನ ಬಾರಿ ಕುಂಬಾರರನ್ನು ಚಿತ್ರೀಕರಿಸುವಾಗ ಮೊದಲು ಅವರ ಅನುಮತಿಯನ್ನು ಕೇಳಿರಿ. ಅವರ ಅರ್ಧ ದಿನದ ದುಡಿಮೆ ಕೆಟ್ಟರೆ ಅದರ ಬೆಲೆಯನ್ನು ಕೊಡಿರಿ. ಕೆರೆಯಂಗಳದಿಂದ ಆರಂಭಿಸಿ ಆವಿಗೆಯವರೆಗೂ ಹೋಗಿರಿ. ಪ್ರತಿಯೊಂದು ಉಪಕರಣದ ಹೆಸರನ್ನೂ ಅವರ ಬಾಯಿಂದಲೇ ಹೇಳಿಸಿರಿ. ಹಿನ್ನೆಲೆಯಲ್ಲಿ ಸಂಗೀತವನ್ನು ತುಂಬಬೇಡಿರಿ. ಹಲಗೆ ತಟ್ಟುವ ಸದ್ದೇ ಅಲ್ಲಿನ ಪಾಠ. ಕೊನೆಗೆ, ಚಿತ್ರದ ಒಂದು ಪ್ರತಿಯನ್ನು ಆ ಮನೆಗೂ ಮುಟ್ಟಿಸಿರಿ.

ನಾನು ಮುಟ್ಟಿಸಿದೆ. ದಂಪತಿಗಳಿಬ್ಬರೂ ಕೊನೆಯವರೆಗೆ ಮೌನವಾಗಿ ನೋಡಿದರು. ಗಡಿಗೆಯ ತಳ ಕೂಡಿಕೊಂಡ ದೃಶ್ಯ ಬಂದಾಗ ಅಜ್ಜಿ ಮೆಲ್ಲನೆ ನಕ್ಕು ಹೇಳಿದರು:

“ಈಗ ನೀರು ನಿಲ್ತೈತೆ, ಬಿಡಿ.”