ಉತ್ತರ ಸಿಕ್ಕಿತು, ಅರ್ಥ ಸಿಗಲಿಲ್ಲ

ಶಾಲಾ ಪ್ರವಾಸಗಳ ಹಂಗಾಮು ಬಂತೆಂದರೆ ಹಂಪಿಯ ವಿಜಯ ವಿಠ್ಠಲ ದೇವಾಲಯದ ಹಾದಿಯಲ್ಲಿ ಸಮವಸ್ತ್ರದ ಮಕ್ಕಳ ಸಾಲು ಕಾಣತೊಡಗುತ್ತದೆ. ಸ್ಮಾರಕಗಳ ಮುಂದೆ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆ ನಿಲ್ಲಿಸಿರುವ ಫಲಕಗಳಲ್ಲಿ ಒಂದೇ ಸಂಗತಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇರುತ್ತದೆ. ಓದುವ ಆಸಕ್ತಿಯಿರುವ ಮಕ್ಕಳು ಕನ್ನಡದ ಭಾಗವನ್ನು ಓದಿ ಮುಂದಕ್ಕೆ ಹೋಗುತ್ತಾರೆ. ಇಂಗ್ಲಿಷಿನ ಭಾಗದ ಮುಂದೆ ನಿಲ್ಲುವವರು ವಿರಳ. ನಮ್ಮ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಕಲಿಕೆ ಆರಂಭವಾಗುತ್ತಿದೆ. ಅಂದರೆ ಪ್ರೌಢಶಾಲೆಗೆ ಬರುವ ಹೊತ್ತಿಗೆ ಮಗು ಆ ಭಾಷೆಯನ್ನು ಏಳು ವರ್ಷ ಕಲಿತಿರುತ್ತದೆ. ಇಷ್ಟಾದ ಮೇಲೂ ಎಂಟು ಸಾಲಿನ ಇಂಗ್ಲಿಷ್ ಫಲಕವೊಂದನ್ನು ಯಾರ ನೆರವೂ ಇಲ್ಲದೆ ಓದಿ ತಿಳಿದುಕೊಳ್ಳುವ ಧೈರ್ಯ ಅದಕ್ಕೆ ಬರುವುದಿಲ್ಲವಾದರೆ, ನಾವು ಕಲಿಸಿದ್ದೇನು ಎಂದು ಕೇಳಿಕೊಳ್ಳಬೇಕಾಗುತ್ತದೆ.

ಓದಿಸುವ ಅಭ್ಯಾಸವೇ ಇಲ್ಲವೆಂದು ಹೇಳಲಾಗದು. ಶಿಕ್ಷಕರ ಮಾತಿನಲ್ಲಿ 'ಪ್ಯಾಸೇಜ್' ಎನಿಸಿಕೊಂಡಿರುವ ಅಪರಿಚಿತ ಗದ್ಯಭಾಗ ಪ್ರಶ್ನೆಪತ್ರಿಕೆಯಲ್ಲಿದೆ, ಮಾದರಿ ಪತ್ರಿಕೆಗಳಲ್ಲಿದೆ, ಪರೀಕ್ಷೆಗೆ ಮುನ್ನ ನಡೆಯುವ ವಿಶೇಷ ತರಗತಿಗಳಲ್ಲೂ ಇದೆ. ಆದರೆ ಅಲ್ಲಿ ನಡೆಯುವ ಅಭ್ಯಾಸ ಯಾವುದರದು? ಈ ಕನ್ನಡ ವಾಕ್ಯವನ್ನು ನೋಡಿ: 'ಗೊಬ್ಬಳನು ತೊರಸಿನಲ್ಲಿ ಮೂರು ಜಿಮ್ಮರಗಳನ್ನು ಗೆಮ್ಮಿದನು.' ಈಗ ಪ್ರಶ್ನೆ: ಗೊಬ್ಬಳನು ಜಿಮ್ಮರಗಳನ್ನು ಎಲ್ಲಿ ಗೆಮ್ಮಿದನು? 'ತೊರಸಿನಲ್ಲಿ' ಎಂದು ಯಾರೂ ಥಟ್ಟನೆ ಹೇಳಿಯಾರು. ಎಷ್ಟು ಜಿಮ್ಮರಗಳು? ಮೂರು. ಎರಡೂ ಉತ್ತರಗಳಿಗೆ ಪೂರ್ಣ ಅಂಕ. ಆದರೆ ಗೊಬ್ಬಳನಾರು, ತೊರಸು ಯಾವುದು, ಗೆಮ್ಮುವುದೆಂದರೇನು ಎಂಬುದು ಉತ್ತರಿಸಿದವರಿಗೂ ಗೊತ್ತಿಲ್ಲ, ಬರೆದವರಿಗೂ ಗೊತ್ತಿಲ್ಲ. ನಮ್ಮ ಮಕ್ಕಳು ಇಂಗ್ಲಿಷ್ ಗದ್ಯಭಾಗದ ಮುಂದೆ ಮಾಡುತ್ತಿರುವುದು ಬಹುಮಟ್ಟಿಗೆ ಇದನ್ನೇ. ಪ್ರಶ್ನೆಯಲ್ಲಿರುವ ಪದವನ್ನು ಗದ್ಯದಲ್ಲಿ ಹುಡುಕಿ, ಅದಿರುವ ಸಾಲನ್ನು ಅಡಿಗೆರೆ ಎಳೆದು ಹಾಗೆಯೇ ನಕಲು ಮಾಡಿದರೆ ಆಯಿತು. ಇದು ಓದಿನ ಅಭ್ಯಾಸವಲ್ಲ, ಹುಡುಕಾಟದ ಅಭ್ಯಾಸ.

ಇದರ ಹೊಣೆಯನ್ನು ಶಿಕ್ಷಕರ ಮೇಲೆ ಮಾತ್ರ ಹೊರಿಸುವುದು ನ್ಯಾಯವಲ್ಲ. ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ಎಸ್ಸೆಸ್ಸೆಲ್ಸಿಯಲ್ಲಿ ದ್ವಿತೀಯ ಭಾಷೆಯಾಗಿರುವ ಇಂಗ್ಲಿಷಿನ 100 ಅಂಕಗಳಲ್ಲಿ 80 ಲಿಖಿತ ಪರೀಕ್ಷೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ ಮೀಸಲು. ಈ 80ರಲ್ಲಿ ಅಪರಿಚಿತ ಗದ್ಯಭಾಗದ ಪಾಲು ಬಹಳ ಚಿಕ್ಕದು. ದೊಡ್ಡ ಪಾಲು ವರ್ಷವಿಡೀ ಮಾಡಿದ ಪಾಠ ಮತ್ತು ಪದ್ಯಗಳದು. ಅವುಗಳ ಪ್ರಶ್ನೋತ್ತರ ಗೈಡುಗಳಲ್ಲಿ ಸಿದ್ಧವಾಗಿ ದೊರೆಯುತ್ತದೆ. ಕಂಠಪಾಠದಿಂದ ದಡ ಸೇರಬಹುದಾದಾಗ ಹೊಸ ಗದ್ಯವನ್ನು ಓದಿಸುವ ಕಷ್ಟವನ್ನು ಯಾರು ಕೈಗೆತ್ತಿಕೊಳ್ಳುತ್ತಾರೆ? ಅತಿಥಿ ಶಿಕ್ಷಕರನ್ನೇ ನೆಚ್ಚಿಕೊಂಡಿರುವ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಂತೂ ಫಲಿತಾಂಶದ ಒತ್ತಡವೇ ಬೋಧನಾಕ್ರಮವನ್ನು ನಿರ್ಧರಿಸುತ್ತದೆ. ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕಣ್ಗಾವಲು ಬಂದ 2024ರಲ್ಲಿ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ ಹಿಂದಿನ ವರ್ಷದ ಶೇ 83.89ರಿಂದ ಶೇ 73.40ಕ್ಕೆ ಇಳಿಯಿತು, ಅದೂ ಕೃಪಾಂಕಗಳನ್ನು ಉದಾರವಾಗಿ ನೀಡಿದ ಮೇಲೆ. ಅಂಕಪಟ್ಟಿಗೂ ಕಲಿಕೆಗೂ ನಡುವೆ ಎಂಥ ಅಂತರವಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಈ ಅಂತರದ ಬೆಲೆಯನ್ನು ತೆರುವವರು ಯಾರು ಎಂಬುದನ್ನು ನೋಡಬೇಕು. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದ ಬಳಿಕ ಹೊಸಪೇಟೆ, ಹಂಪಿ ಒಂದು ಜಿಲ್ಲೆಯಲ್ಲೂ ಸಂಡೂರು, ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲೂ ಇವೆ. ಗೆರೆ ಎಲ್ಲಿ ಎಳೆದರೂ ಈ ಸೀಮೆಯ ಮಕ್ಕಳ ಸ್ಥಿತಿ ಒಂದೇ. ಮನೆಯಲ್ಲಿ ತೆಲುಗು, ಉರ್ದು ಅಥವಾ ಲಂಬಾಣಿ ಮಾತನಾಡುವ ಮಕ್ಕಳು ಇಲ್ಲಿ ಅನೇಕರಿದ್ದಾರೆ. ಅವರಿಗೆ ಶಾಲೆಯ ಕನ್ನಡವೇ ಎರಡನೆಯ ಭಾಷೆ, ಇಂಗ್ಲಿಷ್ ಮೂರನೆಯದು. ಇಂಥ ಮಗು ಹತ್ತನೇ ತರಗತಿ ದಾಟಿ ಪಿಯು ವಿಜ್ಞಾನಕ್ಕೋ ಡಿಪ್ಲೊಮಾಕ್ಕೋ ಸೇರಿದಾಗ ಪಠ್ಯಪುಸ್ತಕ ಬಹುಮಟ್ಟಿಗೆ ಇಂಗ್ಲಿಷಿನದು. ಅಲ್ಲಿ ಯಾರೂ ಪ್ರಶ್ನೆ ಕೊಟ್ಟು 'ಸಾಲು ಹುಡುಕು' ಎನ್ನುವುದಿಲ್ಲ. ಇಡೀ ಪುಟವನ್ನು ಓದಿ ತಾನೇ ತಿಳಿದುಕೊಳ್ಳಬೇಕು. ಎರಡು ತಿಂಗಳಲ್ಲಿ ಆತ್ಮವಿಶ್ವಾಸ ಕುಸಿದ ಹುಡುಗ ತನ್ನ ತಲೆಯನ್ನೇ ದೂರಿಕೊಳ್ಳುತ್ತಾನೆ. ದೂರಬೇಕಾದದ್ದು ಅವನಿಗೆ ಸಿಗದೇ ಹೋದ ಅಭ್ಯಾಸವನ್ನು.

ಕಾಲೇಜಿಗೆ ಹೋಗದವರಿಗೂ ಇದು ತಪ್ಪಿದ್ದಲ್ಲ. ಸಂಡೂರಿನ ಸುತ್ತ ಗಣಿಗಾರಿಕೆಯ ಯೋಜನೆಯೊಂದು ಬಂದಾಗ, 2006ರ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆಯಂತೆ ಸಾರ್ವಜನಿಕ ಅಹವಾಲು ಸಭೆಗೆ ಮುನ್ನ ವರದಿಯ ಸಾರಾಂಶವನ್ನು ಸ್ಥಳೀಯ ಭಾಷೆಯಲ್ಲೂ ಒದಗಿಸಬೇಕು. ಪೂರ್ಣ ವರದಿ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ಅದನ್ನೂ ಕನ್ನಡದಲ್ಲಿ ಕೊಡಿ ಎಂದು ಕೇಳುವುದು ಜನರ ಹಕ್ಕು; ಆ ಬೇಡಿಕೆಯನ್ನು ಬಿಡಬೇಕಾಗಿಲ್ಲ. ಆದರೆ ಅದು ಈಡೇರುವವರೆಗೆ ಊರಿನ ಒಬ್ಬ ಹುಡುಗಿಯಾದರೂ ಆ ವರದಿಯನ್ನು ಓದಿ, ಸಾರಾಂಶದಲ್ಲಿ ಬಿಟ್ಟುಹೋದದ್ದೇನು ಎಂದು ಹೇಳಬಲ್ಲವಳಾದರೆ ಸಭೆಯ ಸ್ವರೂಪವೇ ಬದಲಾಗುತ್ತದೆ. ಹಂಪಿಯಲ್ಲಿ ಮಾರ್ಗದರ್ಶಿಯಾಗಲು ಬಯಸುವ ಕಮಲಾಪುರದ ಹುಡುಗನಿಗೂ ಇದೇ ಮಾತು ಅನ್ವಯಿಸುತ್ತದೆ. ಪೋರ್ಚುಗೀಸರಾದ ಪಾಯಸ್ ಮತ್ತು ನೂನಿಜ್ ಬರೆದಿಟ್ಟ ವಿಜಯನಗರದ ವರ್ಣನೆಗಳು ಜಗತ್ತಿಗೆ ವ್ಯಾಪಕವಾಗಿ ತಲುಪಿದ್ದು ರಾಬರ್ಟ್ ಸೀವೆಲ್ 1900ರಲ್ಲಿ ಪ್ರಕಟಿಸಿದ 'ಎ ಫರ್ಗಾಟನ್ ಎಂಪೈರ್' ಎಂಬ ಇಂಗ್ಲಿಷ್ ಗ್ರಂಥದ ಮೂಲಕ. ತನ್ನ ಊರಿನ ಬಗ್ಗೆ ಹೊರಗಿನವರು ಓದಿ ಬಂದದ್ದನ್ನು ತಾನೂ ಓದಿರದ ಮಾರ್ಗದರ್ಶಿ ಕೇಳಿದ ಕತೆಗಳನ್ನೇ ಹೇಳಿ ದಿನ ದೂಡಬೇಕಾಗುತ್ತದೆ.

ಹಾಗಾದರೆ ಅಭ್ಯಾಸ ಹೇಗಿರಬೇಕು? ಇದಕ್ಕೆ ಪರದೇಶದ ಮಾದರಿಯನ್ನು ಹುಡುಕಬೇಕಾಗಿಲ್ಲ. ಎನ್.ಎಸ್. ಪ್ರಭು ಅವರ ನೇತೃತ್ವದಲ್ಲಿ 1979ರಿಂದ 1984ರವರೆಗೆ ಬೆಂಗಳೂರು, ಮದ್ರಾಸ್ ಮುಂತಾದೆಡೆಯ ಕೆಲವು ಶಾಲೆಗಳಲ್ಲಿ ಒಂದು ಪ್ರಯೋಗ ನಡೆಯಿತು. ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ನೆರವಿನಿಂದ ನಡೆದ ಇದು ಭಾಷಾಬೋಧನೆಯ ಜಗತ್ತಿನಲ್ಲಿ 'ಬೆಂಗಳೂರು ಪ್ರಾಜೆಕ್ಟ್' ಎಂದೇ ಪ್ರಸಿದ್ಧ. ಅಲ್ಲಿ ವ್ಯಾಕರಣದ ಸೂತ್ರಗಳನ್ನು ಬಾಯಿಪಾಠ ಮಾಡಿಸುವ ಬದಲು ರೈಲ್ವೆ ವೇಳಾಪಟ್ಟಿ, ನಕ್ಷೆ ಮುಂತಾದವುಗಳನ್ನು ಮಕ್ಕಳ ಮುಂದಿಟ್ಟು, ಯೋಚಿಸಿ ಬಿಡಿಸಬೇಕಾದ ಸಮಸ್ಯೆ ಕೊಡುತ್ತಿದ್ದರು. ಮೊದಲು ಶಿಕ್ಷಕರು ಇಡೀ ತರಗತಿಯೊಂದಿಗೆ ಒಂದು ಸಮಸ್ಯೆಯನ್ನು ಬಿಡಿಸುವುದು, ಬಳಿಕ ಅಂಥದೇ ಇನ್ನೊಂದನ್ನು ಮಕ್ಕಳು ತಾವಾಗಿ ಬಿಡಿಸುವುದು ಅದರ ಕ್ರಮ. ಅರ್ಥಕ್ಕಾಗಿ ಮನಸ್ಸು ಸೆಣಸಿದಾಗ ಭಾಷೆ ತಾನಾಗಿ ಒಳಗಿಳಿಯುತ್ತದೆ ಎಂಬುದು ಪ್ರಭು ಅವರ ನಂಬಿಕೆಯಾಗಿತ್ತು. ಅದರ ಫಲಿತಾಂಶದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯಗಳಿವೆ. ಆದರೆ ನಲವತ್ತಾರು ಮಕ್ಕಳ ತರಗತಿಯಲ್ಲೂ, ಕಪ್ಪುಹಲಗೆ ಮತ್ತು ಸೀಮೆಸುಣ್ಣದ ಬಲದಿಂದಲೂ ಇಂಥ ಓದು ಸಾಧ್ಯ ಎಂಬುದನ್ನು ಅದು ನೆನಪಿಸುತ್ತದೆ.

ಹೊಸಪೇಟೆ ಜಂಕ್ಷನ್ನಿನ ರೈಲು ವೇಳಾಪಟ್ಟಿಯನ್ನೇ ತೆಗೆದುಕೊಳ್ಳಿ. 'ಹಂಪಿ ಎಕ್ಸ್‌ಪ್ರೆಸ್ ಎಷ್ಟು ಗಂಟೆಗೆ ಹೊರಡುತ್ತದೆ' ಎಂದು ಕೇಳಿದರೆ ಅದು ಮತ್ತೆ ಹುಡುಕಾಟ. 'ಬೆಳಿಗ್ಗೆ ಹತ್ತಕ್ಕೆ ಬೆಂಗಳೂರಿನಲ್ಲಿ ಸಂದರ್ಶನವಿರುವ ಅಕ್ಕ ಯಾವ ರೈಲು ಹಿಡಿಯಬೇಕು, ಏಕೆ' ಎಂದು ಕೇಳಿದರೆ ಮಗು ಇಡೀ ಪಟ್ಟಿಯನ್ನು ಓದಿ, ಹೋಲಿಸಿ, ತೀರ್ಮಾನಿಸಬೇಕಾಗುತ್ತದೆ. ನಕಲು ಮಾಡಲು ಸಿದ್ಧ ಸಾಲು ಸಿಗದಂಥ ಒಂದು ಪ್ರಶ್ನೆ ಪ್ರತಿ ಗದ್ಯಭಾಗದಲ್ಲೂ ಇರಬೇಕು. ಗೈಡು ಉತ್ತರಿಸಲಾಗದ ಪ್ರಶ್ನೆ ಅದೊಂದೇ.

ಗದ್ಯದ ಆಯ್ಕೆಯೂ ಮುಖ್ಯ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋಯಿತು. ಸುಮಾರು ಒಂದು ವಾರದ ಬಳಿಕ ಸ್ಟಾಪ್‌ಲಾಗ್ ಇಳಿಸಿ ನೀರನ್ನು ತಡೆಯಲಾಯಿತು. ಈ ಸುದ್ದಿಯ ಇಂಗ್ಲಿಷ್ ವರದಿ ಪಟ್ಟಣದ ಉತ್ತಮ ಶಾಲೆಯ ಮಕ್ಕಳಿಗೂ ಕಠಿಣವೆನಿಸಬಹುದು. ಆದರೆ ಅದೇ ನೀರನ್ನು ನಂಬಿ ಭತ್ತ, ಕಬ್ಬು ಬೆಳೆಯುವ ಕಂಪ್ಲಿಯ ರೈತನ ಮಗಳಿಗೆ ಗೇಟ್, ಕ್ಯುಸೆಕ್, ಕಾಲುವೆ ಎಂಬ ಮಾತುಗಳು ಊಟದ ಹೊತ್ತಿನ ಮಾತುಗಳು. ವಿಷಯ ಗೊತ್ತಿರುವುದರಿಂದ ಅರಿಯದ ನಾಲ್ಕು ಪದಗಳ ಅರ್ಥವನ್ನು ಅವಳು ಊಹಿಸಿಕೊಳ್ಳಬಲ್ಲಳು. ಓದಿನ ಗ್ರಹಿಕೆಯ ಅರ್ಧಭಾಗ ಪುಟದ ಮೇಲಿರುತ್ತದೆ, ಉಳಿದರ್ಧವನ್ನು ಓದುಗ ಮನೆಯಿಂದ ತಂದಿರುತ್ತಾನೆ. ಕಾಣದ ಹಿಮಪಾತದ ವರ್ಣನೆ ಕೊಟ್ಟು 'ಮಕ್ಕಳಿಗೆ ಇಂಗ್ಲಿಷ್ ಬಾರದು' ಎಂದು ತೀರ್ಪು ಕೊಡುವುದು ಸರಿಯಲ್ಲ. ಪರಿಚಿತ ಲೋಕದಿಂದ ಆರಂಭಿಸಿ ಅಪರಿಚಿತಕ್ಕೆ ಹೋಗಬೇಕು.

ಮೂರನೆಯ ಮಾತು, ಅರ್ಥದ ಚರ್ಚೆ ಕನ್ನಡದಲ್ಲಿ ನಡೆಯಲಿ ಎಂಬುದು. ಇಂಗ್ಲಿಷ್ ತರಗತಿಯಲ್ಲಿ ಕನ್ನಡ ಬಳಸುವುದೇ ಅಪರಾಧವೆಂಬ ಭಾವನೆ ಇನ್ನೂ ಇದೆ. ವಾಸ್ತವವಾಗಿ ಮಗು ಎಡವುವುದು ಎರಡು ಭಾಷೆಗಳು ಬೇರೆಯಾಗುವ ಕಡೆ. ನಾವು 'ಕೃಷ್ಣದೇವರಾಯ ಕಟ್ಟಿಸಿದ ಗೋಪುರ' ಎನ್ನುತ್ತೇವೆ; ಇಂಗ್ಲಿಷಿನಲ್ಲಿ ಗೋಪುರ ಮೊದಲು ಬಂದು, ಕಟ್ಟಿಸಿದವನ ಸಂಗತಿ 'ವಿಚ್' ಎಂಬುದನ್ನು ಹಿಡಿದುಕೊಂಡು ಹಿಂದಿನಿಂದ ಬರುತ್ತದೆ. 'ಹಿ ಹಾರ್ಡ್ಲಿ ವರ್ಕ್ಡ್' ಎಂಬ ವಾಕ್ಯ ಓದಿದ ಹುಡುಗ 'ಅವನು ಕಷ್ಟಪಟ್ಟು ದುಡಿದ' ಎಂದುಕೊಳ್ಳುತ್ತಾನೆ. ವಾಕ್ಯ ಹೇಳುತ್ತಿರುವುದು ಅವನು ದುಡಿದದ್ದು ಅಷ್ಟಕ್ಕಷ್ಟೇ ಎಂದು. ಈ ತಪ್ಪು ಇಂಗ್ಲಿಷ್ ಉತ್ತರದಲ್ಲಿ ಬಯಲಾಗುವುದಿಲ್ಲ, ಏಕೆಂದರೆ ಅಲ್ಲಿ ಸಾಲು ಹಾಗೆಯೇ ನಕಲಾಗಿರುತ್ತದೆ. 'ಇದನ್ನು ನಿನ್ನ ಮಾತಿನಲ್ಲಿ ಹೇಳು' ಎಂದಾಗ ಕೂಡಲೇ ಹೊರಬೀಳುತ್ತದೆ. ಹಂಪಿಯ ದ್ವಿಭಾಷಾ ಫಲಕ ಈ ದೃಷ್ಟಿಯಿಂದ ಸಿದ್ಧ ಪಾಠವೇ ಸರಿ. ಕನ್ನಡದ ಭಾಗವನ್ನು ಮುಚ್ಚಿ ಇಂಗ್ಲಿಷನ್ನು ಮೌನವಾಗಿ ಓದುವುದು, ತಿಳಿದದ್ದನ್ನು ಗೆಳೆಯರಿಗೆ ಹೇಳುವುದು, ಬಳಿಕ ಕನ್ನಡದ ಭಾಗ ತೆರೆದು ಎಲ್ಲಿ ತಪ್ಪಿದೆವೆಂದು ನೋಡಿಕೊಳ್ಳುವುದು. ಇದಕ್ಕೆ ಖರ್ಚಿಲ್ಲ, ಗೈಡೂ ಬೇಕಿಲ್ಲ.

ಇಂಗ್ಲಿಷಿಗೆ ಇಷ್ಟು ಒತ್ತು ಕೊಟ್ಟರೆ ಕನ್ನಡದ ಗತಿಯೇನು ಎಂಬ ಆತಂಕ ಸಹಜ. ಆದರೆ ಇಂಗ್ಲಿಷನ್ನು ಆಳವಾಗಿ ಓದಿದ ಬಿ.ಎಂ. ಶ್ರೀಕಂಠಯ್ಯನವರೇ 'ಇಂಗ್ಲಿಷ್ ಗೀತಗಳು' ಸಂಕಲನದಿಂದ ಹೊಸಗನ್ನಡ ಕಾವ್ಯಕ್ಕೆ ದಾರಿ ತೆರೆದರು. ಕನ್ನಡವನ್ನು ಸೊರಗಿಸುವುದು ಅರ್ಥವಾಗದ ಇಂಗ್ಲಿಷ್. ಅರ್ಥಮಾಡಿಕೊಂಡು ಓದಿದ ಇಂಗ್ಲಿಷ್ ಕನ್ನಡಕ್ಕೆ ಏನನ್ನಾದರೂ ತಂದೇ ತರುತ್ತದೆ. ಇನ್ನು ಕೆಲವರು ಮಾಧ್ಯಮವನ್ನೇ ಇಂಗ್ಲಿಷ್ ಮಾಡಿದರೆ ಸಮಸ್ಯೆ ಮುಗಿಯಿತೆನ್ನುತ್ತಾರೆ. ಅರ್ಥ ಕೇಳದೆ ಸಾಲು ನಕಲಿಸುವ ಪದ್ಧತಿ ಮುಂದುವರಿದರೆ, ಮಾಧ್ಯಮ ಬದಲಾದಾಗ ಅದೇ ರೋಗ ಗಣಿತ, ವಿಜ್ಞಾನಗಳಿಗೂ ಹಬ್ಬುತ್ತದೆ, ಅಷ್ಟೆ. ಮೊಬೈಲ್ ಫೋನೇ ಕ್ಷಣದಲ್ಲಿ ಅನುವಾದ ಮಾಡಿಕೊಡುವಾಗ ಓದುವ ಕಷ್ಟವೇಕೆ ಎಂಬುದು ಇತ್ತೀಚಿನ ವಾದ. ಅನುವಾದ ತಪ್ಪಿದಾಗ ತಪ್ಪಿದೆಯೆಂದು ತಿಳಿಯುವುದಕ್ಕಾದರೂ ಮೂಲವನ್ನು ಓದಬಲ್ಲವರು ಬೇಕು. ಔಷಧದ ಚೀಟಿ, ಸಾಲದ ಕರಾರುಪತ್ರಗಳಲ್ಲಿ ಒಂದು 'ನಾಟ್' ಬಿಟ್ಟುಹೋದರೂ ಅನರ್ಥವಾಗುತ್ತದೆ.

ಸರ್ಕಾರ ಮಾಡಬಹುದಾದದ್ದು ಸ್ಪಷ್ಟವಿದೆ. ದ್ವಿತೀಯ ಭಾಷೆಯ ಪತ್ರಿಕೆಯಲ್ಲಿ ಅಪರಿಚಿತ ಗದ್ಯಭಾಗದ ಅಂಕಗಳನ್ನು ಹಂತಹಂತವಾಗಿ ಹೆಚ್ಚಿಸಬೇಕು. ಕೆಲವು ಪ್ರಶ್ನೆಗಳಿಗೆ ಕನ್ನಡದಲ್ಲೇ ಉತ್ತರಿಸುವ ಅವಕಾಶವನ್ನೂ ಪ್ರಯೋಗಿಸಿ ನೋಡಬೇಕು. ಪರೀಕ್ಷೆ ಬದಲಾಗದೆ ತರಗತಿ ಬದಲಾಗದು. ಬೆಂಗಳೂರಿನಲ್ಲಿ 1963ರಲ್ಲೇ ಸ್ಥಾಪನೆಯಾದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಅನುಭವ ಈ ಭಾಗದ ಅತಿಥಿ ಶಿಕ್ಷಕರಿಗೂ ತಲುಪಬೇಕು. 'ಓದುವ ಬೆಳಕು' ಕಾರ್ಯಕ್ರಮ 2020ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಬಾಗಿಲನ್ನು ಮಕ್ಕಳಿಗೆ ತೆರೆದಿದೆ. ಅಲ್ಲಿ ಸರಳ ಇಂಗ್ಲಿಷ್ ಮತ್ತು ದ್ವಿಭಾಷಾ ಪುಸ್ತಕಗಳ ಒಂದು ಕಪಾಟು ಇರಲಿ. ಗಣಿ ಬಾಧಿತ ಪ್ರದೇಶಗಳಿಗಾಗಿ 2015ರ ಕಾಯ್ದೆ ತಿದ್ದುಪಡಿಯಂತೆ ರೂಪುಗೊಂಡ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಗೆ ಶಿಕ್ಷಣವೂ ಆದ್ಯತೆಯ ಕ್ಷೇತ್ರ. ಕಟ್ಟಡಗಳಿಗೆ ಹರಿಯುವ ಹಣದ ಸಣ್ಣ ಪಾಲು ತರಗತಿಯ ಪುಸ್ತಕಗಳಿಗೆ ಬಂದರೆ ಸಂಡೂರಿನ ಅದಿರು ಸಂಡೂರಿನ ಮಕ್ಕಳ ಕೈಗೆ ಪುಸ್ತಕವಾಗಿ ಮರಳಿದಂತಾಗುತ್ತದೆ.

ಇವೆಲ್ಲ ಆಗುವವರೆಗೆ ಶಿಕ್ಷಕರು ಕಾಯಬೇಕಿಲ್ಲ. ದಿನಕ್ಕೆ ಹತ್ತು ನಿಮಿಷ, ಎಂಟು ಸಾಲಿನ ಹೊಸ ಗದ್ಯ, ಮೌನ ಓದು, ಸಾಲು ನಕಲಿಸಿ ಉತ್ತರಿಸಲಾಗದ ಒಂದು ಪ್ರಶ್ನೆ, ಕನ್ನಡದಲ್ಲಿ ಎರಡು ಮಾತಿನ ಚರ್ಚೆ ಇಷ್ಟು ಸಾಕು. ಎಂಟನೇ ತರಗತಿಯಲ್ಲಿ ಆರಂಭಿಸಿದರೆ ಎಸ್ಸೆಸ್ಸೆಲ್ಸಿಯ ವೇಳೆಗೆ ಮಗು ನೂರಾರು ಹೊಸ ಬರಹಗಳನ್ನು ಎದುರಿಸಿರುತ್ತದೆ. ಅಪರಿಚಿತ ಪುಟವನ್ನು ಕಂಡು ಹೆದರದಿರುವುದು ಅದಕ್ಕೆ ರೂಢಿಯಾಗಿರುತ್ತದೆ. ಅಂಕಪಟ್ಟಿಯಲ್ಲಿ ಕಾಣದ ಈ ಧೈರ್ಯವನ್ನು ಹೊಸಪೇಟೆಯ, ಹಂಪಿಯ, ಸಂಡೂರಿನ, ಕಂಪ್ಲಿಯ ಮಕ್ಕಳಿಗೆ ಕೊಡುವುದು ಶಾಲೆಯ ಕರ್ತವ್ಯ. ಗಣಿಯ ವರದಿಯನ್ನೂ ಸಾಲದ ಪತ್ರವನ್ನೂ ಅವರು ಓದಬೇಕಾದ ದಿನ ಕೈಯಲ್ಲಿ ಗೈಡು ಇರುವುದಿಲ್ಲ.