ಮನೆ ನಡೆಸುತ್ತಿರುವುದು ಯಾರ ಕೂಲಿ?



ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯಿಂದ ಬೆಳಗಿನ ಜಾವ ಜೀಪು ಹತ್ತಿ ಕೊಡಗಿನ ಕಾಫಿ ತೋಟಕ್ಕೆ ಹೋಗುವವರನ್ನು ನಾವು ಬಹಳ ಕಾಲದಿಂದ ನೋಡಿದ್ದೇವೆ. ಜಮೀನಿಲ್ಲದವರು ಹೋಗ್ತಾರೆ ಬಿಡಿ ಅಂತ ಸುಮ್ಮನಿದ್ದೆವು. ಈಗ ಪಹಣಿಯಲ್ಲಿ ಹೆಸರಿರುವವರ ಮಕ್ಕಳೇ ಬೆಂಗಳೂರಿನಲ್ಲಿ ಸೆಕ್ಯೂರಿಟಿ ಕೆಲಸಕ್ಕೆ, ಮೈಸೂರಿನ ಕಾರ್ಖಾನೆಗಳಲ್ಲಿ ಕಾಂಟ್ರಾಕ್ಟ್ ಕೂಲಿಗೆ ಸೇರುತ್ತಿದ್ದಾರೆ. ನಾಲೆ ನೀರಿರುವ ಕೆ.ಆರ್. ನಗರದ ಕಡೆಯೂ ಇದೇ ಕಥೆ.

ತಿಂಗಳ ಸಂಬಳ ಬಂತು, ಹಳ್ಳಿ ಸುಧಾರಿಸಿತು ಅಂತ ಲೆಕ್ಕ ಬರೆಯುವವರಿದ್ದಾರೆ. ಆ ದುಡ್ಡು ಎಲ್ಲಿಗೆ ಹೋಗುತ್ತೆ ಅಂತ ಅವರು ಕೇಳುವುದಿಲ್ಲ. ಗೊಬ್ಬರದ ಅಂಗಡಿಗೆ, ಸೊಸೈಟಿ ಬಾಕಿಗೆ, ಒಡವೆ ಇಟ್ಟ ಬಡ್ಡಿಗೆ. ಅಂದರೆ ಬೇಸಾಯದ ನಷ್ಟವನ್ನು ಊರು ಬಿಟ್ಟ ಮಗ ತುಂಬಿಕೊಡುತ್ತಿದ್ದಾನೆ.

1984ರಲ್ಲಿ ನಮ್ಮ ರಾಜ್ಯದಲ್ಲಿ ಹೊಗೆಸೊಪ್ಪಿನ ಹರಾಜು ಶುರುವಾಯಿತು. ಸೊಪ್ಪು ಮುರಿಯುವುದು, ಕಡ್ಡಿಗೆ ಕಟ್ಟುವುದು, ರಾತ್ರಿಯೆಲ್ಲಾ ಬ್ಯಾರನ್ ಬೆಂಕಿ ಕಾಯುವುದು, ಇದರಲ್ಲಿ ಮನೆಯವರ ದುಡಿಮೆ ಎಷ್ಟು? ಹರಾಜು ಕಟ್ಟೆಯಲ್ಲಿ ಗ್ರೇಡು ಕೇಳುತ್ತಾರೆಯೇ ಹೊರತು ಹೆಂಡತಿ ನಿದ್ದೆಗೆಟ್ಟ ಲೆಕ್ಕ ಯಾರೂ ಕೇಳುವುದಿಲ್ಲ. ರಾಗಿ, ಭತ್ತಕ್ಕಾದರೂ ನ್ಯಾಯವಿದೆಯೇ? ಖರ್ಚಿನ ಮೇಲೆ ಶೇಕಡ 50 ಸೇರಿಸಿ ಬೆಲೆ ಕೊಡಿ ಎಂದು ಸ್ವಾಮಿನಾಥನ್ ಆಯೋಗ 2006ರಲ್ಲಿ ಹೇಳಿತು. 2018ರ ಬಜೆಟ್ಟಿನಲ್ಲಿ ಒಂದೂವರೆ ಪಟ್ಟು ಕೊಟ್ಟೆವು ಅಂದರು. ಆದರೆ ಆ ಖರ್ಚಿನಲ್ಲಿ ಸ್ವಂತ ನೆಲದ ಬಾಡಿಗೆಯೂ ಇಲ್ಲ, ಸ್ವಂತ ಬಂಡವಾಳದ ಬಡ್ಡಿಯೂ ಇಲ್ಲ.

ಇನ್ನು ಶುಂಠಿ. ಕೇರಳದಿಂದ ಬಂದವರು ನಮ್ಮ ಹೊಲ ಗುತ್ತಿಗೆ ಹಿಡಿಯುತ್ತಾರೆ. ಎಷ್ಟೋ ಕಡೆ ಹೊಲದ ಯಜಮಾನನೇ ಅದರಲ್ಲಿ ಕೂಲಿಗೆ ನಿಲ್ಲುತ್ತಾನೆ. ಅವರನ್ನು ಬೈದು ಪ್ರಯೋಜನವಿಲ್ಲ, ಅವರ ಕೈಲಿ ಬಂಡವಾಳವಿದೆ. ಕೊಳೆ ರೋಗದ ಭಯಕ್ಕೆ ಬೆಳೆ ಕಿತ್ತ ಮೇಲೆ ಬೇರೆ ನೆಲ ಹುಡುಕುತ್ತಾರೆ. ಸೊರಗಿದ ನೆಲ ನಮ್ಮ ಪಾಲಿಗೆ.

‘ಆಳು ಸಿಗಲ್ಲ’ ಅನ್ನುವುದು ನಮ್ಮೆಲ್ಲರ ದೂರು. ತೋಟದವರು ಕೊಡುವ ಕೂಲಿ ನಾವು ಕೊಟ್ಟರೆ ಯಾಕೆ ಸಿಗಲ್ಲ? ಬೆಲೆ ಇಲ್ಲದೆ ಕೊಡಲಾರೆವು, ನಿಜ. ಆದರೆ ಹೆಣ್ಣಾಳಿಗೆ ಗಂಡಾಳಿನ ಸಮ ಕೊಡಲು ಈಗಲೂ ಹಿಂದೆಮುಂದೆ ನೋಡುತ್ತೇವಲ್ಲ, ಅದಕ್ಕೆ ಯಾವ ಸರ್ಕಾರ ಕಾರಣ?

ಈ ಹಂಗಾಮಿನಲ್ಲಿ ಪ್ರತಿ ಮನೆಯವರೂ ಒಂದು ನೋಟ್‌ಬುಕ್ ಇಡಿ. ಹೊಲದಿಂದ ಬಂದದ್ದು ಒಂದು ಕಡೆ, ಹೊರಗಿನ ಕೂಲಿ ಇನ್ನೊಂದು ಕಡೆ. ಮನೆಯವರು ದುಡಿದ ದಿನಗಳಿಗೆ ತೋಟದ ಕೂಲಿ ದರ ಹಾಕಿ ಖರ್ಚಿಗೆ ಸೇರಿಸಿ. ಆ ಪುಸ್ತಕ ಹಿಡಿದೇ ಹರಾಜು ಕಟ್ಟೆಗೂ ತಾಲ್ಲೂಕು ಕಚೇರಿಗೂ ಹೋಗೋಣ.