ಎರರ್ ಬಂತಂತ ಲ್ಯಾಪ್‌ಟಾಪ್ ಫಾರ್ಮ್ಯಾಟ್ ಹೊಡಿಬ್ಯಾಡ್ರಿ (ಕಾಮರ್ಸ್‌ನವರ ಕೋಡಿಂಗ್, ಭಾಗ 6)

ಬಿಕಾಂ ಓದ್ಕೋತ ಪೈಥಾನ್ ಕಲಿಯೋರೇ, ಇದು ನಿಮಗೇ.

ಪ್ರಾಜೆಕ್ಟ್ ಕೊಡೋ ಹಿಂದಿನ ದಿನ ‘ಮಾಡ್ಯೂಲ್ ನಾಟ್ ಫೌಂಡ್’ ಅಂತ ಬಂದ್ರ ಏನ್ ಮಾಡ್ತೀರಿ? ಮತ್ತೊಮ್ಮೆ ಇನ್‌ಸ್ಟಾಲ್. ಆಗಲಿಲ್ಲ ಅಂದ್ರ ಇನ್ನೊಮ್ಮೆ. ಕೊನೆಗೆ ರಾಯಚೂರು ಬಸ್ ಹತ್ತಿ, ರೊಕ್ಕ ಕೊಟ್ಟು ಫಾರ್ಮ್ಯಾಟ್. ಬರೆದ ಪ್ರಾಜೆಕ್ಟೂ ಅದರ ಜೋಡಿನೇ ಹೋಯ್ತು! ಟ್ರಯಲ್ ಬ್ಯಾಲೆನ್ಸ್ ತಾಳೆ ಆಗಲಿಲ್ಲಂತ ಯಾರಾದ್ರೂ ಲೆಡ್ಜರ್ ಹರೀತಾರಾ? ಎಂಟ್ರಿ ಎಲ್ಲಿ ಬಿದ್ದದ ಅಂತ ಹುಡುಕ್ತೀವಿ ಹೌದಿಲ್ಲೋ? ಇಲ್ಲೂ ಅಷ್ಟೇ.

ಇಂಪೋರ್ಟ್ ಅಂದ ಕೂಡ್ಲೇ ಪೈಥಾನ್ ಇಡೀ ಲ್ಯಾಪ್‌ಟಾಪ್ ಹುಡುಕೋದಿಲ್ಲ. ಅದರ ಹತ್ರ ಜಾಗಗಳ ಒಂದು ಪಟ್ಟಿ ಅದ, ಹೆಸರು ಸಿಸ್ ಡಾಟ್ ಪಾತ್. ಸಾಮಾನ್ಯವಾಗಿ ಮೊದಲು ನೀವು ಓಡಿಸ್ತಿರೋ ಫೈಲಿನ ಫೋಲ್ಡರ್, ಆಮೇಲೆ ಪೈಥಾನ್ ಜೋಡಿ ಬಂದ ಲೈಬ್ರರಿ, ಅದರ ನಂತರ ಪಿಪ್ ಹಾಕಿದ ಪ್ಯಾಕೇಜ್‌ಗಳು. ಮೊದಲು ಸಿಕ್ಕಿದ್ದನ್ನೇ ತಗೋತದ, ಮುಂದ ನೋಡೋದಿಲ್ಲ. ಕವಿತಾಳ ಬಸ್‌ಸ್ಟ್ಯಾಂಡಿನಾಗ ನಿಂತು ‘ಬಸವರಾಜಾ’ ಅಂತ ಕೂಗ್ರಿ, ಮೊದಲು ತಿರುಗಿದಾವ ನಿಮಗ ಬೇಕಾದ ಬಸವರಾಜನೇ ಇರ್ಬೇಕಂತೇನಿಲ್ಲ.

ಅದಕ್ಕೇ ಮಾರಾಟದ ಲೆಕ್ಕ ಓದೋ ನಿಮ್ಮ ಫೈಲಿಗೆ ‘ಸಿಎಸ್‌ವಿ ಡಾಟ್ ಪಿವೈ’ ಅಂತ ಹೆಸರಿಡಬ್ಯಾಡ್ರಿ. ಒಳಗೆ ‘ಇಂಪೋರ್ಟ್ ಸಿಎಸ್‌ವಿ’ ಅಂದ್ರ ಅದು ತನ್ನನ್ನೇ ತಾನು ಎಳ್ಕೊಳ್ತದ, ‘ರೀಡರ್ ಇಲ್ಲ’ ಅಂತ ಬೈತದ. ಹೆಸರು ಬದಲಿಸ್ರಿ, ಮುಗೀತು. 2024ರಾಗ ಬಂದ ಪೈಥಾನ್ 3.13 ಈ ಹೆಸರಿನ ಗೊಂದಲಾನ ಎರರ್‌ನಾಗೇ ಹೇಳ್ತದ, ಆದ್ರ ಪೂರ್ತಿ ಓದೋರು ಯಾರು?

ಇನ್ನೊಂದು ಕಥಿ: ಒಂದೇ ಲ್ಯಾಪ್‌ಟಾಪಿನಾಗ ಎರಡು ಪೈಥಾನ್. ಪಿಪ್ ಒಂದರಾಗ ಹಾಕ್ತದ, ಕೋಡ್ ಇನ್ನೊಂದರಾಗ ಓಡ್ತದ. ‘ಪಿಪ್ ಇನ್‌ಸ್ಟಾಲ್’ ಮುಂದ ‘ಪೈಥಾನ್ ಹೈಫನ್ ಎಂ’ ಸೇರಿಸ್ರಿ. ಯಾವ ಪೈಥಾನ್ ಕರೀತೀರೋ ಅದರಾಗೇ ಬೀಳ್ತದ.

ಅಂಗಡಿ ಬಿಲ್ಲಿಂಗ್ ಕೋಡನ್ನ ಪೈಇನ್‌ಸ್ಟಾಲರ್‌ದಾಗ ಇಎಕ್ಸ್ಇ ಮಾಡೋವಾಗ ಇದು ಇನ್ನೂ ಕಾಡ್ತದ. ಬಿಲ್ಡ್ ಮುಗೀತದ, ತೆರೆದ್ರ ಮಾಡ್ಯೂಲ್ ಇಲ್ಲ ಅಂತದ. ನಿಮ್ಮ ಮಾಡ್ಯೂಲ್ ಬೇರೆ ಫೋಲ್ಡರಿನಾಗ ಇದ್ರ ಬಿಲ್ಡ್ ಕಮಾಂಡಿನಾಗ ‘ಪಾತ್ಸ್’ ಆಪ್ಷನ್ ಕೊಟ್ಟು ಆ ಜಾಗ ತೋರಿಸ್ಬೇಕು.

ಗ್ರೂಪಿನಾಗ ಕೇಳೋವಾಗ ಬರೇ ಕೊನೇ ಸಾಲಿನ ಫೋಟೋ ಹಾಕಬ್ಯಾಡ್ರಿ. ಪೂರ್ತಿ ಎರರ್ ಹಾಕ್ರಿ, ಸಿಸ್ ಡಾಟ್ ಪಾತ್ ಪ್ರಿಂಟ್ ಮಾಡಿ ಅದನ್ನೂ ಹಾಕ್ರಿ. ಗೊತ್ತಿರೋ ಅಣ್ಣಗಳೇ, ಅಕ್ಕಗಳೇ, ನೀವೂ ‘ರೀಇನ್‌ಸ್ಟಾಲ್ ಮಾಡಪಾ’ ಅನ್ನೋ ಉತ್ತರ ಇನ್ನು ಸಾಕು ಮಾಡ್ರಿ. ಅದು ಕೇಳಿ ಕೇಳಿನೇ ‘ಕಾಮರ್ಸ್‌ನವರಿಗೆ ಕೋಡಿಂಗ್ ಬರಂಗಿಲ್ಲ’ ಅಂತ ಎಷ್ಟೋ ಮಂದಿ ಬಿಟ್ಟು ಕೂತಾರ.

ಭಾಗ 7ರಾಗ ವರ್ಚುವಲ್ ಎನ್ವಿರಾನ್‌ಮೆಂಟ್. ನಿಮ್ಮ ಎರರ್ ಕಾಮೆಂಟಿನಾಗ ಹಾಕ್ರಿ 👇

#ಕವಿತಾಳ #ರಾಯಚೂರು #ಬಿಕಾಂ #ಪೈಥಾನ್